ಹಳೆಯ ಮೋಟಾರಿನ ಕಿಡಿ

ಪೆಟ್ರೋಲಿನಿಂದ ಓಡುವ ಮೋಟಾರುಗಾಡಿಯ ಎಂಜಿನ್ನಿನೊಳಗೆ ಕ್ಷಣಕ್ಷಣಕ್ಕೂ ಕಿಡಿ ಹಾರುತ್ತಿರುತ್ತದೆಂಬುದನ್ನು ನೀವೆಲ್ಲರೂ ಪಾಠದಲ್ಲಿ ಓದಿದ್ದೀರಿ. ಆದರೆ ಆ ಕಿಡಿ ಎಲ್ಲಿಂದ ಬರುತ್ತದೆ, ಅದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ನಿಮ್ಮಲ್ಲಿ ವಿರಳ. 2024ರ ಮಳೆಗಾಲದಲ್ಲಿ ನಮ್ಮ ಶಾಲೆಯ ವಿಜ್ಞಾನ ಸಂಘದ ಏಳು ಮಂದಿ ವಿದ್ಯಾರ್ಥಿಗಳಿಗೂ ಅವರ ಅಧ್ಯಾಪಕರಾದ ನಮಗೂ ಅಂತಹ ಒಂದು ಸಂದರ್ಭವು ತಾನಾಗಿ ಒದಗಿತು. ಅಂದು ಕಂಡುದನ್ನೂ ಕಲಿತುದನ್ನೂ, ನಾವು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಜುಲೈ ತಿಂಗಳ ಒಂದು ದಿನ ಪಾಠ ಮುಗಿದ ಮೇಲೆ ಮೇಜಿನ ಬಳಿಗೆ ಬಂದು, “ಸರ್, ಗಾಡಿಯ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಿಸಿದರೆ ಮಳೆಯಲ್ಲಿ ನಿಲ್ಲುವುದಿಲ್ಲವಂತೆ, ಹೌದೇ?” ಎಂದು ಕೇಳಿದಳು. ಅವಳ ಅಜ್ಜ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಬಹುಕಾಲ ದುಡಿದು ನಿವೃತ್ತರಾದವರು, ಮನೆ ವಡಾಲಾದಲ್ಲಿ. ಅವರ ಬಳಿ 1989ರ ಪ್ರೀಮಿಯರ್ ಪದ್ಮಿನಿ ಗಾಡಿಯೊಂದಿದೆ. ಅಜ್ಜಿಗೆ ಮಂಗಳವಾರ ಮತ್ತು ಶುಕ್ರವಾರ ಪರೇಲಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಚಿಕಿತ್ಸೆ. ಬೆಳಗಿನ ಆರು ಗಂಟೆಗೆ ಅಲ್ಲಿರಬೇಕು. ತಡವಾದರೆ ಆ ಹೊತ್ತಿನ ಯಂತ್ರ ಇನ್ನೊಬ್ಬರ ಪಾಲಾಗುತ್ತದೆ. ಆ ತಿಂಗಳು ಹಿಂದಮಾತಾದ ಬಳಿ ಗಾಡಿ ಎರಡು ಸಲ ನಿಂತುಹೋಯಿತು. ಎರಡನೆಯ ಸಲ ಅಜ್ಜಿಯನ್ನು ಮೊಳಕಾಲುದ್ದದ ನೀರಿನಲ್ಲಿ ಇಳಿಸಿ ಬೇರೆ ಗಾಡಿ ಹುಡುಕಬೇಕಾಯಿತು.

ಬಿಡಿಭಾಗಗಳ ಅಂಗಡಿಯವನು ಎಲೆಕ್ಟ್ರಾನಿಕ್ ಜೋಡಣೆಯನ್ನು ಹಾಕಿಸಿರೆಂದು ಸಲಹೆ ಕೊಟ್ಟನಂತೆ. ಮೂವತ್ತು ವರ್ಷಗಳಿಂದ ಆ ಗಾಡಿಯನ್ನು ನೋಡಿಕೊಂಡು ಬಂದ ಮಿಸ್ತ್ರಿಯು ಅದನ್ನು ಮುಟ್ಟಲೇಬೇಡಿರೆಂದನಂತೆ. ಅಜ್ಜ ಇಬ್ಬರ ನಡುವೆ ಸಿಕ್ಕಿಕೊಂಡಿದ್ದರು. “ಮಾಸ್ತರೇ, ನೀವು ಕಲಿತವರು. ಯಾರ ಮಾತು ಸರಿ, ನೀವೇ ಹೇಳಿ” ಎಂದು ನಮ್ಮ ಮೇಲೆ ಭಾರ ಹಾಕಿದರು. ಪುಸ್ತಕದಲ್ಲಿ ಕಲಿತ ವಿದ್ಯೆಗೆ ಇಂತಹ ಪರೀಕ್ಷೆ ಬಂದಾಗ ಎದೆ ತುಸು ಅಳುಕುವುದು ಸಹಜ. ನೋಡದೆ ಹೇಳಲಾರೆವೆಂದು ಉತ್ತರಿಸಿ, ಒಂದು ಭಾನುವಾರ ಎಲ್ಲರೂ ವಡಾಲಾಕ್ಕೆ ಹೋದೆವು.

ಪದ್ಮಿನಿ ಈ ನಗರದಲ್ಲಿಯೇ ಹುಟ್ಟಿದ ಗಾಡಿ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಇಟಲಿಯ ಫಿಯಟ್ ಗಾಡಿಯನ್ನು ಕುರ್ಲಾದ ಕಾರ್ಖಾನೆಯಲ್ಲಿ ತಯಾರಿಸುತ್ತಿತ್ತು. ಅದೇ ಗಾಡಿಗೆ ಮುಂದೆ ಪದ್ಮಿನಿಯೆಂಬ ಹೆಸರು ಬಂದಿತು. ಕಪ್ಪು ಹಳದಿ ಬಣ್ಣದ ಟ್ಯಾಕ್ಸಿಯಾಗಿ ಅದು ಹಲವು ದಶಕಗಳು ಮುಂಬಯಿಯ ಬೀದಿಗಳಲ್ಲಿ ಓಡಿ, 2023ರ ಅಕ್ಟೋಬರ್ ತಿಂಗಳ ಕೊನೆಗೆ ಟ್ಯಾಕ್ಸಿಯ ವೃತ್ತಿಯಿಂದ ನಿವೃತ್ತವಾಯಿತು. ಖಾಸಗಿಯವರ ಬಳಿ ಇನ್ನೂ ಕೆಲವು ಉಳಿದಿವೆ. ಅಜ್ಜನ ಗಾಡಿಯು ಹಾಲುಕೆನೆಯ ಬಣ್ಣದ್ದು. ಹಿಂದಿನ ಆಸನ ಒಂದೇ ಹಾಸಾಗಿ ಅಗಲವಾಗಿರುವುದರಿಂದ ಚಿಕಿತ್ಸೆ ಮುಗಿಸಿ ಬರುವ ಅಜ್ಜಿ ಅದರಲ್ಲಿ ಕಾಲು ಚಾಚಿ ಮಲಗಬಹುದು. ಈ ಕಾರಣದಿಂದಲೇ ಅಜ್ಜ ಅದನ್ನು ಮಾರಲೊಲ್ಲರು.

ಈಗ ಕಿಡಿಯ ವಿಚಾರಕ್ಕೆ ಬರೋಣ. ಈ ಗಾಡಿಯ ಎಂಜಿನ್ನು 1089 ಘನ ಸೆಂಟಿಮೀಟರಿನದು, ನಾಲ್ಕು ಸಿಲಿಂಡರುಗಳುಳ್ಳದ್ದು. ಪಿಸ್ಟನ್ನು ಮೇಲಕ್ಕೆ ಬಂದು ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತ ಮಿಶ್ರಣವನ್ನು ಒತ್ತಿ ಹಿಡಿದಾಗ, ಪ್ಲಗ್ಗಿನ ತುದಿಯಲ್ಲಿರುವ ಸುಮಾರು 0.6 ಮಿಲಿಮೀಟರ್ ಸಂದಿನಲ್ಲಿ ಕಿಡಿ ಹಾರಿ ಮಿಶ್ರಣವು ಹೊತ್ತಿಕೊಳ್ಳಬೇಕು. ಒತ್ತಡದಲ್ಲಿರುವ ಆ ಸಂದನ್ನು ವಿದ್ಯುತ್ತು ದಾಟಬೇಕಾದರೆ ಹತ್ತು ಸಾವಿರ ವೋಲ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು. ಗಾಡಿಯ ಬ್ಯಾಟರಿಯಲ್ಲಿರುವುದಾದರೋ ಬರಿಯ 12 ವೋಲ್ಟು. ಹನ್ನೆರಡನ್ನು ಹತ್ತು ಸಾವಿರ ಮಾಡುವ ಉಪಾಯವೇನು?

ಚಾಳುಗಳಲ್ಲಿ ವಾಸಿಸುವ ಮಕ್ಕಳಿಗೆ ಒಂದು ಅನುಭವ ಉಂಟು. ನೀರು ರಭಸದಿಂದ ಬರುತ್ತಿರುವಾಗ ನಲ್ಲಿಯನ್ನು ಫಕ್ಕನೆ ತಿರುಗಿಸಿ ಮುಚ್ಚಿದರೆ ಗೋಡೆಯೊಳಗಿನ ಕೊಳವೆಯು ‘ಧಡ್’ ಎಂದು ಸದ್ದುಮಾಡುತ್ತದೆ. ಓಡುತ್ತಿದ್ದ ನೀರಿಗೆ ಒಮ್ಮೆಗೇ ನಿಲ್ಲಲು ಬಾರದು. ಅದರ ವೇಗವೆಲ್ಲವೂ ಆ ಕ್ಷಣದಲ್ಲಿ ಒತ್ತಡವಾಗಿ ಮಾರ್ಪಡುತ್ತದೆ. ಮೆಲ್ಲನೆ ಮುಚ್ಚಿದರೆ ಸದ್ದಿಲ್ಲ. ತಂತಿಯ ಸುರುಳಿಯಲ್ಲಿ ಹರಿಯುವ ವಿದ್ಯುತ್ತಿನ ಸ್ವಭಾವವೂ ಹೆಚ್ಚುಕಡಿಮೆ ಹೀಗೆಯೇ. ಸುರುಳಿಯ ಸುತ್ತ ಕಾಂತಕ್ಷೇತ್ರವೊಂದು ಕಟ್ಟಿಕೊಂಡಿರುತ್ತದೆ. ಪ್ರವಾಹವನ್ನು ಥಟ್ಟನೆ ಕತ್ತರಿಸಿದರೆ ಆ ಕ್ಷೇತ್ರವು ಕುಸಿದುಬೀಳುತ್ತದೆ, ಕುಸಿಯುವ ವೇಗಕ್ಕೆ ತಕ್ಕಂತೆ ಸುರುಳಿಯಲ್ಲಿ ವೋಲ್ಟು ಏರುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಪ್ರೇರಣೆಯ ನಿಯಮವೇ ಇದು. ಗಾಡಿಯ ಕಾಯಿಲ್ ಎಂಬ ಡಬ್ಬಿಯಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳ ಜೊತೆಗೆ, ಕೂದಲಿನಂತಹ ತಂತಿಯ ಹಲವು ಸಾವಿರ ಸುತ್ತುಗಳಿರುತ್ತವೆ. ದಪ್ಪ ತಂತಿಯ ಪ್ರವಾಹವನ್ನು ಕತ್ತರಿಸಿದೊಡನೆ ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟು ಹುಟ್ಟುತ್ತದೆ.

ಆದುದರಿಂದ ಕಿಡಿಯ ರಹಸ್ಯವೆಲ್ಲ ಇರುವುದು ಪ್ರವಾಹವನ್ನು ಕತ್ತರಿಸುವ ಸ್ವಿಚ್ಚಿನಲ್ಲಿ. ಆ ಸ್ವಿಚ್ಚೇ ಪಾಯಿಂಟ್. ಡಿಸ್ಟ್ರಿಬ್ಯೂಟರಿನ ನಡುವೆ ತಿರುಗುವ ಅಚ್ಚಿಗೆ ನಾಲ್ಕು ಉಬ್ಬುಗಳಿರುತ್ತವೆ. ಒಂದೊಂದು ಉಬ್ಬೂ ಬಂದು ಪಾಯಿಂಟಿನ ಹಿಮ್ಮಡಿಯನ್ನು ತಳ್ಳಿದಾಗ ಟಂಗ್‌ಸ್ಟನ್ ಲೋಹದ ಎರಡು ಗುಂಡಿಗಳು ಬೇರೆಯಾಗುತ್ತವೆ, ಪ್ರವಾಹ ಕಡಿಯುತ್ತದೆ, ಕಿಡಿ ಹಾರುತ್ತದೆ. ಮೇಲಿರುವ ರೋಟರು ಆ ಕಿಡಿಯನ್ನು ಸರದಿಯಂತೆ 1, 3, 4, 2 ಎಂಬ ಕ್ರಮದಲ್ಲಿ ಸಿಲಿಂಡರುಗಳಿಗೆ ಹಂಚುತ್ತದೆ. ಪಾಯಿಂಟುಗಳು ಬೇರ್ಪಡುವಾಗ ಅವುಗಳ ನಡುವೆಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದಕ್ಕೆ ಕಂಡೆನ್ಸರ್ ಎಂಬ ಚಿಕ್ಕ ಅಂಡೆಯೊಂದಿದೆ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನು ರೂಪಿಸಿದ ಬ್ಯಾಟರಿ ಕಿಡಿಯ ವ್ಯವಸ್ಥೆಯು 1910ರ ಕ್ಯಾಡಿಲಾಕ್ ಗಾಡಿಗಳಲ್ಲಿ ಬಂದಿತು. ಅಜ್ಜನ ಪದ್ಮಿನಿಯಲ್ಲಿದ್ದುದು ಮುಖ್ಯವಾಗಿ ಅದೇ ಏರ್ಪಾಡು.

ಸ್ವಲ್ಪ ಲೆಕ್ಕ ಮಾಡೋಣ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆಯೆನ್ನಿ. ಎರಡು ಸುತ್ತಿಗೆ ನಾಲ್ಕು ಕಿಡಿ ಬೇಕು. ಅಂದರೆ ನಿಮಿಷಕ್ಕೆ 6000, ಸೆಕೆಂಡಿಗೆ 100. ಒಂದು ಕಿಡಿಗೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ನೂರನೆಯ ಒಂದು ಭಾಗ. ಅದರಲ್ಲಿ ಪಾಯಿಂಟ್ ಮುಚ್ಚಿಕೊಂಡು ಕಾಯಿಲ್ ತುಂಬಿಕೊಳ್ಳಲು ದೊರೆಯುವುದು ಸುಮಾರು ಮೂರರಲ್ಲಿ ಎರಡು ಪಾಲು. ಗಂಟೆಗಟ್ಟಲೆ ಇದು ನಡೆಯಬೇಕಾದರೆ ಆ ಚಿಕ್ಕ ಗುಂಡಿಗಳ ಪಾಡು ಏನೆಂಬುದನ್ನು ಊಹಿಸಿಕೊಳ್ಳಿರಿ. ಪ್ರತಿ ಸಲವೂ ಸುಮಾರು ನಾಲ್ಕು ಆಂಪಿಯರ್ ಪ್ರವಾಹವನ್ನು ಅವು ಕಡಿಯಬೇಕು. ಕಾಲಕ್ರಮದಲ್ಲಿ ಒಂದು ಗುಂಡಿಯಲ್ಲಿ ಕುಳಿ ಬೀಳುತ್ತದೆ, ಇನ್ನೊಂದರಲ್ಲಿ ಗುಬುಟು ಏಳುತ್ತದೆ. ಉಬ್ಬಿಗೆ ಉಜ್ಜುವ ಹಿಮ್ಮಡಿಯೂ ಸವೆಯುತ್ತದೆ. ಸವೆದಷ್ಟೂ ಸಂದು ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಇದು ಅಲ್ಪವೆನ್ನಬೇಡಿ. 3000 ಸುತ್ತಿನ ವೇಗದಲ್ಲಿ ಎಂಜಿನ್ನಿನ ಅಚ್ಚು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 18 ಡಿಗ್ರಿ ತಿರುಗಿಬಿಡುತ್ತದೆ! ಆದ್ದರಿಂದಲೇ ಮಿಸ್ತ್ರಿಯು ಕೆಲವು ತಿಂಗಳಿಗೊಮ್ಮೆ ಫೀಲರ್ ಗೇಜಿನ ತೆಳ್ಳನೆಯ ತಗಡನ್ನು ಸಂದಿನಲ್ಲಿ ತೂರಿಸಿ ಅಳತೆಯನ್ನು ಸರಿಪಡಿಸಬೇಕಾಗುವುದು.

ಎಲೆಕ್ಟ್ರಾನಿಕ್ ಜೋಡಣೆಯೆಂದರೆ ಈ ಸ್ವಿಚ್ಚಿನ ಬದಲಾವಣೆ, ಅಷ್ಟೇ. ಪಾಯಿಂಟ್ ಮತ್ತು ಕಂಡೆನ್ಸರನ್ನು ತೆಗೆದು ಆ ಸ್ಥಳದಲ್ಲಿ ಒಂದು ಚಿಕ್ಕ ಮಾಡ್ಯೂಲನ್ನೂ, ತಿರುಗುವ ಅಚ್ಚಿಗೆ ನಾಲ್ಕು ಅಯಸ್ಕಾಂತಗಳುಳ್ಳ ಒಂದು ಉಂಗುರವನ್ನೂ ತೊಡಿಸುತ್ತಾರೆ. ಪ್ರವಾಹ ಹರಿಯುತ್ತಿರುವ ತೆಳು ಪಟ್ಟಿಯ ಬಳಿಗೆ ಅಯಸ್ಕಾಂತವನ್ನು ತಂದರೆ ಪಟ್ಟಿಯ ಅಡ್ಡಕ್ಕೆ ಸಣ್ಣ ವೋಲ್ಟೊಂದು ತೋರುತ್ತದೆಂದು ಎಡ್ವಿನ್ ಹಾಲ್ 1879ರಲ್ಲಿಯೇ ಕಂಡುಹಿಡಿದಿದ್ದನು. ಮಾಡ್ಯೂಲಿನ ಒಳಗಿರುವ ಹಾಲ್ ಪಟ್ಟಿಯು ಅಯಸ್ಕಾಂತ ಹಾದುಹೋದುದನ್ನು ಗುರುತಿಸುತ್ತದೆ. 1947ರಲ್ಲಿ ಹುಟ್ಟಿದ ಟ್ರಾನ್ಸಿಸ್ಟರಿನ ವಂಶದ ಒಂದು ತುಣುಕು ಕಾಯಿಲಿನ ಪ್ರವಾಹವನ್ನು ಕಡಿಯುತ್ತದೆ. ಒಂದನ್ನೊಂದು ಮುಟ್ಟುವ ಭಾಗವೇ ಇಲ್ಲ, ಉಜ್ಜಾಟವಿಲ್ಲ, ಕುಳಿಯಿಲ್ಲ. ಒಮ್ಮೆ ಹೊಂದಿಸಿದ ಕಾಲವು ಹಾಗೆಯೇ ನಿಲ್ಲುತ್ತದೆ. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು 1973ರ ಹೊತ್ತಿಗೆ ಅಲ್ಲಿಯ ತನ್ನ ಗಾಡಿಗಳಿಗೆಲ್ಲ ಇಂತಹ ಪಾಯಿಂಟಿಲ್ಲದ ವ್ಯವಸ್ಥೆಯನ್ನು ಕೊಟ್ಟಿತು. ಪಾಯಿಂಟನ್ನು ಉಳಿಸಿಕೊಂಡು, ಅದರ ಮೂಲಕ ಅಲ್ಪ ಪ್ರವಾಹವನ್ನು ಮಾತ್ರ ಹರಿಸಿ, ಭಾರದ ಕೆಲಸವನ್ನು ಟ್ರಾನ್ಸಿಸ್ಟರಿಗೆ ಒಪ್ಪಿಸುವ ಇನ್ನೊಂದು ಬಗೆಯೂ ಉಂಟು. ಅದರಲ್ಲಿ ಗುಂಡಿಗಳು ಬಾಳುತ್ತವೆ, ಹಿಮ್ಮಡಿ ಮಾತ್ರ ಸವೆಯುತ್ತಲೇ ಇರುತ್ತದೆ.

ಕಾಯಿಲ್, ರೋಟರ್, ಕ್ಯಾಪು, ಪ್ಲಗ್ಗಿನ ತಂತಿಗಳು ಇವೆಲ್ಲವೂ ಹಳೆಯವೇ ಉಳಿಯುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಮಳೆಯ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಅಡಗಿದೆ.

ವಡಾಲಾಕ್ಕೆ ಹೋದ ಆ ಭಾನುವಾರ ಮಿಸ್ತ್ರಿಯೂ ಬಂದಿದ್ದನು. ಮಕ್ಕಳೆಲ್ಲರೂ ಅವನನ್ನು ಚಾಚಾ ಎಂದೇ ಕರೆದರು. ಮುಸ್ಸಂಜೆಯಾಗುವವರೆಗೆ ಕಾಯಿರೆಂದು ಅವನು ಹೇಳಿದುದರ ಕಾರಣ ನಮಗೆ ಮೊದಲು ತಿಳಿಯಲಿಲ್ಲ. ಕತ್ತಲಾದ ಮೇಲೆ ಎಂಜಿನ್ನನ್ನು ಹೊರಡಿಸಿ, ಬಟ್ಟೆಗೆ ಇಸ್ತ್ರಿ ಹಾಕುವಾಗ ನೀರು ಚಿಮುಕಿಸುವ ಸೀಸೆಯಿಂದ ಪ್ಲಗ್ಗಿನ ತಂತಿಗಳ ಮೇಲೆ ಸ್ವಲ್ಪ ನೀರನ್ನು ದೂರದಿಂದ ಸಿಂಪಡಿಸಿದನು. ಏನಾಶ್ಚರ್ಯ! ತಂತಿಗಳ ಮೇಲೆ ನೀಲಿಯ ಎಳೆಗಳು ಹುಳುಗಳಂತೆ ಹರಿದಾಡತೊಡಗಿದವು. ಎಂಜಿನ್ನು ಕೆಮ್ಮುತ್ತ ನಿಂತುಬಿಟ್ಟಿತು. ಹಳೆಯ ತಂತಿಗಳ ರಬ್ಬರು ಬಿರಿದಿದ್ದಿತು. ಕ್ಯಾಪನ್ನು ಬಿಚ್ಚಿ ಒಳಗೆ ನೋಡಿದಾಗ ಎರಡು ಕಂಬಗಳ ನಡುವೆ ಕೂದಲೆಳೆಯಂತಹ ಕಪ್ಪು ಗೆರೆಯೊಂದು ಕಂಡಿತು. ತೇವವಾದಾಗಲೆಲ್ಲ ಕಿಡಿಯು ಪ್ಲಗ್ಗಿಗೆ ಹೋಗುವುದನ್ನು ಬಿಟ್ಟು ಆ ಗೆರೆಯ ಸುಲಭದ ದಾರಿಯನ್ನು ಹಿಡಿಯುತ್ತಿದ್ದಿತು. ಹಿಂದಮಾತಾದಲ್ಲಿ ಗಾಡಿ ನಿಂತುದಕ್ಕೆ ಪಾಯಿಂಟ್ ಕಾರಣವಾಗಿರಲಿಲ್ಲ. ಎಲೆಕ್ಟ್ರಾನಿಕ್ ಹಾಕಿಸಿದ್ದರೂ ಮರುದಿನದ ಮಳೆಗೆ ಅದು ಅಲ್ಲಿಯೇ ನಿಲ್ಲುತ್ತಿದ್ದಿತು!

ಕುರ್ಲಾದ ಅಂಗಡಿಗಳಲ್ಲಿ ಹುಡುಕಿ ಹೊಸ ಕ್ಯಾಪು, ರೋಟರು, ತಂತಿಗಳನ್ನು ತಂದು ಹಾಕಿದೆವು. ಉತ್ಸಾಹಿಯಾದ ಬಾಲಕನೊಬ್ಬನು 3 ಮತ್ತು 4ನೆಯ ತಂತಿಗಳನ್ನು ಅದಲು ಬದಲು ಮಾಡಿದುದರಿಂದ ಗಾಡಿಯು ಢಮ್ಮೆಂದು ಸದ್ದುಮಾಡಿ ಕಟ್ಟಡದ ಎಲ್ಲ ಕಿಟಕಿಗಳೂ ತೆರೆದುಕೊಂಡವು. ಇರಲಿ. ಸರಿಪಡಿಸಿದ ಮೇಲೆ ನೀರು ಸಿಂಪಡಿಸಿದರೂ ಎಂಜಿನ್ನು ಅಳುಕಲಿಲ್ಲ. (ಓಡುತ್ತಿರುವ ಎಂಜಿನ್ನಿನ ಈ ತಂತಿಗಳನ್ನು ಕೈಯಿಂದ ಮುಟ್ಟಲೇಬಾರದು, ಉದ್ದ ತೋಳು, ದುಪ್ಪಟ್ಟಾ, ಜಡೆಗಳು ಫ್ಯಾನಿನ ಹತ್ತಿರ ಸುಳಿಯಬಾರದು. ಹಿರಿಯರಿಲ್ಲದೆ ಇಂತಹ ಪ್ರಯೋಗಕ್ಕೆ ಕೈಹಾಕಬೇಡಿ.)

ಅಲ್ಲಿಗೆ ಕೆಲಸ ಮುಗಿಯಿತೆಂದು ನಾವು ಹೊರಡಲನುವಾದೆವು. ಚಾಚಾನ ಮಾತಿನಂತೆ ಪಾಯಿಂಟ್ ಹಾಗೆಯೇ ಇರಲಿ ಎಂಬುದೇ ನಮ್ಮ ತೀರ್ಮಾನವಾಗಿತ್ತು. ಆಗ ಚಾಚಾನೇ ಹೊಸದೊಂದು ವಿಷಯವನ್ನು ಹೇಳಿದನು. ಅವನು ಹಿಂದಿಯಲ್ಲಿ ಆಡಿದುದರ ತಾತ್ಪರ್ಯವಿದು: ಟ್ಯಾಕ್ಸಿಗಳು ಹೋದ ಮೇಲೆ ಈ ಗಾಡಿಗಳ ಕೆಲಸ ಕಡಿಮೆಯಾಗಿದೆ, ತನಗೂ ವಯಸ್ಸಾಯಿತು, ದೀಪಾವಳಿಯ ಅನಂತರ ಊರಿಗೆ ಹೋದರೆ ತಿರುಗಿ ಬರುವುದಿಲ್ಲ. ಇದನ್ನು ಕೇಳಿ ಅಜ್ಜ ಬಹಳ ಹೊತ್ತು ಮಾತನಾಡಲಿಲ್ಲ. ಅಜ್ಜನಿಗೆ 76 ವರ್ಷ, 0.45 ಮಿಲಿಮೀಟರಿನ ತಗಡು ಸಂದಿನಲ್ಲಿ ಸಡಿಲವೋ ಬಿಗಿಯೋ ಎಂಬುದನ್ನು ಅರಿಯುವ ಕಣ್ಣೂ ಕೈಯೂ ಅವರಿಗಿಲ್ಲ. ಪಾಯಿಂಟಿಗೆ ಆರೈಕೆ ಮಾಡುವವರಿಲ್ಲದಿದ್ದರೆ ಪಾಯಿಂಟ್ ಎಷ್ಟು ಒಳ್ಳೆಯದಾದರೇನು? ಎಲೆಕ್ಟ್ರಾನಿಕ್ ಜೋಡಣೆಗೆ ನಿಜವಾದ ಕಾರಣವು ನಮಗೆ ಆಗ ದೊರೆಯಿತು. ಅದು ಮಳೆಯಲ್ಲ, ಅಂಗಡಿಯವನು ಹೇಳಿದ ಹೆಚ್ಚಿನ ಶಕ್ತಿಯೂ ಅಲ್ಲ. ಪಾಯಿಂಟ್ ಸರಿಯಾಗಿ ಹೊಂದಿಕೊಂಡಿರುವ ಎಂಜಿನ್ನಿಗೆ ಮಾಡ್ಯೂಲಿನಿಂದ ಹೊಸ ಬಲವೇನೂ ಬರುವುದಿಲ್ಲ. ಅತಿವೇಗದಲ್ಲಿ ಅದರಿಂದ ಪ್ರಯೋಜನವುಂಟಾದರೂ ದಾದರಿನ ಸಂದಣಿಯಲ್ಲಿ ಅತಿವೇಗವೆಲ್ಲಿ ಬಂತು?

ಹೊಸ ಮಾಡ್ಯೂಲನ್ನು ಕೂಡಿಸುವ ಮೊದಲು ಡಿಸ್ಟ್ರಿಬ್ಯೂಟರಿನ ಅಚ್ಚನ್ನು ಬೆರಳಿನಿಂದ ಅಡ್ಡಕ್ಕೆ ಅಲುಗಿಸಿ ನೋಡಿದೆವು. ಅದು ತುಸು ಓಲಾಡುತ್ತಿತ್ತು. ನಾಲ್ಕು ಉಬ್ಬುಗಳಲ್ಲಿಯೂ ಪಾಯಿಂಟಿನ ಸಂದನ್ನು ಅಳೆದಾಗ ಒಂದರಲ್ಲಿ 0.45, ಎದುರಿನದರಲ್ಲಿ 0.38 ಬಂದಿತು. ಅಂದರೆ ನಾಲ್ಕು ಸಿಲಿಂಡರುಗಳಿಗೂ ಕಿಡಿ ಸಮವಾದ ಕಾಲಕ್ಕೆ ಬೀಳುತ್ತಿರಲಿಲ್ಲ. ಅಚ್ಚು ಕುಳಿತುಕೊಳ್ಳುವ ಬುಷ್ ಸವೆದಿತ್ತು; ಅದನ್ನು ಲೇತಿನವನಿಂದ ಹೊಸದಾಗಿ ಮಾಡಿಸಿದೆವು. ವೇಗ ಹೆಚ್ಚಿದಂತೆ ಕಿಡಿಯನ್ನು ಮುಂಚಿತವಾಗಿ ಬೀಳಿಸುವ ಚಿಕ್ಕ ತೂಕಗಳೂ ಸ್ಪ್ರಿಂಗುಗಳೂ ತಳದಲ್ಲಿರುತ್ತವೆ. ಅವುಗಳ ಜಿಡ್ಡು ತೊಳೆದು ಒಂದೆರಡು ಹನಿ ಎಣ್ಣೆ ಬಿಟ್ಟೆವು. ಮಾಡ್ಯೂಲು ಈ ಯಾವುದನ್ನೂ ತಾನಾಗಿ ಸರಿಪಡಿಸಲಾರದು.

ಕಾಯಿಲಿನ ದಪ್ಪ ತಂತಿಯ ರೋಧವನ್ನು ಮೀಟರಿನಿಂದ ಅಳೆದಾಗ 3.1 ಓಮ್ ಬಂದಿತು. ಓಮನ ನಿಯಮದಂತೆ 12ನ್ನು 3.1ರಿಂದ ಭಾಗಿಸಿದರೆ ನಾಲ್ಕು ಆಂಪಿಯರಿಗೆ ತುಸು ಕಡಿಮೆ. ಮಾಡ್ಯೂಲಿನ ಜೊತೆಗೆ ಬಂದ ಕಾಗದದಲ್ಲಿ 3 ಓಮಿಗೆ ಕಡಿಮೆಯಿರಬಾರದೆಂದಿದ್ದುದರಿಂದ ಹಳೆಯ ಕಾಯಿಲನ್ನೇ ಉಳಿಸಿಕೊಂಡೆವು. ಕೆಂಪು ತಂತಿ ಕಾಯಿಲಿನ ಧನ ತುದಿಗೆ, ಕಪ್ಪು ತಂತಿ ಋಣ ತುದಿಗೆ. ಇವು ತಿರುವುಮುರುವಾದರೆ ಮಾಡ್ಯೂಲಿನ ಆಯುಸ್ಸು ಅಲ್ಲಿಗೆ ಮುಗಿಯಿತು. ಪದ್ಮಿನಿಯಲ್ಲಿ ಬ್ಯಾಟರಿಯ ಋಣ ತುದಿಯನ್ನು ಗಾಡಿಯ ಮೈಗೆ ಜೋಡಿಸಿರುತ್ತಾರೆ. ಇಂಗ್ಲೆಂಡಿನ ಹಳೆಯ ಗಾಡಿಗಳು ಕೆಲವದರಲ್ಲಿ ಇದು ವಿಪರೀತವಾಗಿದ್ದು ಧನ ತುದಿಯು ಮೈಗೆ ಸೇರಿರುತ್ತದೆ. ಅಂತಹ ಗಾಡಿಗೆ ಬೇರೆಯೇ ಮಾಡ್ಯೂಲು ಬೇಕು.

ನಮ್ಮ ತಪ್ಪು ನಡೆದುದು ಇಲ್ಲಿಯೇ. ಎಲ್ಲವನ್ನೂ ಜೋಡಿಸಿ, ಕೀಲಿಯನ್ನು ತಿರುಗಿಸಿಟ್ಟು, ಎಂಜಿನ್ನನ್ನು ಹೊರಡಿಸದೆಯೇ ಫ್ಯಾರಡೆಯ ನಿಯಮವನ್ನು ಮಕ್ಕಳಿಗೆ ವಿವರಿಸುತ್ತ ನಿಂತೆವು. ಇಪ್ಪತ್ತು ನಿಮಿಷ ಹೋದುದು ತಿಳಿಯಲಿಲ್ಲ. ಸುಟ್ಟ ವಾಸನೆ ಬಂದಾಗಲೇ ಎಚ್ಚರವಾದುದು. ಎಂಜಿನ್ನು ನಿಂತಿದ್ದರೂ ಮಾಡ್ಯೂಲಿನ ಸ್ವಿಚ್ಚು ಮುಚ್ಚಿದ ಸ್ಥಿತಿಯಲ್ಲಿತ್ತು. ಕಾಯಿಲಿನ ಪ್ರವಾಹ ಅಷ್ಟು ಹೊತ್ತೂ ಅದರ ಮೂಲಕ ಎಡೆಬಿಡದೆ ಹರಿದಿತ್ತು. ಕಾಯಿಲ್ ಮುಟ್ಟಲಾರದಷ್ಟು ಬಿಸಿಯಾಗಿ ಉಳಿದುಕೊಂಡಿತು, ಮಾಡ್ಯೂಲು ಸತ್ತುಹೋಯಿತು. ಎಂಜಿನ್ನು ಓಡದಿರುವಾಗ ಕೀಲಿಯನ್ನು ತೆರೆದಿಡಬೇಡಿರೆಂದು ಕಾಗದದಲ್ಲಿ ಸ್ಪಷ್ಟವಾಗಿ ಅಚ್ಚಾಗಿತ್ತು. ಮಕ್ಕಳಲ್ಲಿ ಒಬ್ಬಳು ಅದನ್ನು ಓದಿಯೂ ಇದ್ದಳು, ಗುರುಗಳಿಗೆ ಹೇಳುವುದು ಹೇಗೆಂದು ಸುಮ್ಮನಿದ್ದಳಂತೆ. ಎರಡನೆಯ ಮಾಡ್ಯೂಲು ನಮ್ಮ ಕಿಸೆಯ ಹಣದಿಂದ ಬಂದಿತು. ಮುಂದೆ ಯಾರಾದರೂ ಕಂಡುದನ್ನು ಕಂಡ ಕೂಡಲೇ ಹೇಳಿರೆಂದು ಅವಳಿಗೂ ಉಳಿದವರಿಗೂ ತಿಳಿಸಿದೆವು.

ಎರಡನೆಯ ಸಲ ಗಾಡಿ ಮೊದಲ ತಿರುವಿಗೇ ಹೊರಟಿತು. ಸ್ಟ್ರೋಬ್ ದೀಪವನ್ನು ಎರವಲು ತಂದು, ಅದರ ಮಿಣುಕು ಬೆಳಕಿನಲ್ಲಿ ಎಂಜಿನ್ನಿನ ಗುರುತು ಹೊಂದುವಂತೆ ಡಿಸ್ಟ್ರಿಬ್ಯೂಟರನ್ನು ತುಸು ತಿರುಗಿಸಿ ಬಿಗಿದೆವು. ಪ್ಲಗ್ಗಿನ ಸಂದನ್ನು ಅಗಲ ಮಾಡಬೇಕೆಂದು ಕೆಲವರು ಹೇಳುವುದುಂಟು. ಕಾಯಿಲ್ ಹಳೆಯದೇ ಆದುದರಿಂದ ನಾವು 0.6ರಲ್ಲಿಯೇ ಬಿಟ್ಟೆವು.

ಆದರೂ ಚಾಚಾನ ಆಕ್ಷೇಪಣೆಯನ್ನು ತಳ್ಳಿಹಾಕುವಂತಿರಲಿಲ್ಲ. ಪಾಯಿಂಟ್ ಕೆಡುವ ಮೊದಲು ಸೂಚನೆ ಕೊಡುತ್ತದೆ: ಹೊರಡಲು ತಡಮಾಡುತ್ತದೆ, ಎಳೆಯುವಾಗ ಜಗ್ಗುತ್ತದೆ. ಉಗುರು ಉಜ್ಜುವ ಅರದಿಂದ ತುಸು ತಿಕ್ಕಿದರೆ ಮನೆ ಮುಟ್ಟಿಸುತ್ತದೆ. ಮಾಡ್ಯೂಲು ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಬಹಳ ವರ್ಷ ಚೆನ್ನಾಗಿದ್ದು ಒಂದು ದಿನ ಸದ್ದಿಲ್ಲದೆ ನಿಂತುಬಿಡಬಹುದು, ರಸ್ತೆಯ ಬದಿಯಲ್ಲಿ ಅದಕ್ಕೆ ರಿಪೇರಿಯಿಲ್ಲ. ಬ್ಯಾಟರಿ ಸೊರಗಿ ಸ್ಟಾರ್ಟರ್ ತಿರುಗುವಾಗ ವೋಲ್ಟು ತೀರ ಇಳಿದರೂ ಅದು ಕೆಲಸ ಮಾಡಲೊಲ್ಲದು. ಅಜ್ಜಿಯ ಮಂಗಳವಾರದ ಬೆಳಗ್ಗೆ ಹಾಗಾದರೆ?

ಆದ್ದರಿಂದ ಹಳೆಯ ಪಾಯಿಂಟನ್ನು ಬಿಸಾಡಲಿಲ್ಲ. ಹೊಸ ಪಾಯಿಂಟು, ಕಂಡೆನ್ಸರು, ಒಂದು ಫೀಲರ್ ಗೇಜು, ಸ್ಕ್ರೂಡ್ರೈವರು, ತಂತಿ ಕಟ್ಟಿದ 12 ವೋಲ್ಟಿನ ಬಲ್ಬು ಇಷ್ಟನ್ನು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಹಾಕಿದೆವು. ಚಾಚಾ ಊರಿಗೆ ಹೊರಡುವ ಹಿಂದಿನ ಭಾನುವಾರ, ಮಾಡ್ಯೂಲನ್ನು ತೆಗೆದು ಪಾಯಿಂಟನ್ನು ಪುನಃ ಕೂಡಿಸುವ ಕೆಲಸವನ್ನು ಆ ವಿದ್ಯಾರ್ಥಿನಿಯು ತಾನೊಬ್ಬಳೇ ಮಾಡಿದಳು. ಅಜ್ಜ ಗಡಿಯಾರ ಹಿಡಿದು ನಿಂತಿದ್ದರು. 35 ನಿಮಿಷ ಬೇಕಾಯಿತು. ಚಾಚಾ ತಗಡನ್ನು ತೂರಿಸಿ ನೋಡಿ, ಬಿಗಿಯಾಯಿತೆಂದು ತಲೆಯಲ್ಲಾಡಿಸಿ ಮತ್ತೊಮ್ಮೆ ಮಾಡಿಸಿದನು. ಎರಡನೆಯ ಸಲ ಅವನು ಏನೂ ಹೇಳಲಿಲ್ಲ. ಬಲ್ಬಿನ ಒಂದು ತುದಿಯನ್ನು ಕಾಯಿಲಿನ ಋಣ ತುದಿಗೂ ಇನ್ನೊಂದನ್ನು ಗಾಡಿಯ ಮೈಗೂ ಹಿಡಿದು, ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ, ಗುರುತುಗಳು ಕೂಡಿದ ಕ್ಷಣಕ್ಕೆ ಸರಿಯಾಗಿ ಪಾಯಿಂಟ್ ತೆರೆದು ಬಲ್ಬು ಹೊತ್ತಿಕೊಂಡಿತು. ಅನಂತರ ಮಾಡ್ಯೂಲನ್ನು ಸ್ವಸ್ಥಾನದಲ್ಲಿರಿಸಿ, ಡಬ್ಬಿಯನ್ನು ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕದಲ್ಲಿ ಇಟ್ಟರು. ಡಬ್ಬಿಯ ಮುಚ್ಚಳದ ಮೇಲೆ ಅವಳು ಕನ್ನಡದಲ್ಲಿ ದಪ್ಪ ಅಕ್ಷರಗಳಿಂದ ‘ಸಂದು 0.45’ ಎಂದು ಬರೆದಿದ್ದಾಳೆ.